ಟಿಲ್ಲಿಯ ಪಾಲಿನ ಅಣಬೆ

ಆಮೆ ಸಾಕುವುದೆಂದರೆ ಲೆಟಿಸ್ ಎಲೆ ಹರಿದು ಎಸೆಯುವುದು ಎಂದುಕೊಂಡವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಓಝಾರ್ಕ್ ಗುಡ್ಡಗಳಲ್ಲಿ ಪ್ರತಿ ಬೇಸಿಗೆಗೂ ಇದೇ ಕತೆ. ಮಕ್ಕಳು ರಸ್ತೆ ದಾಟುತ್ತಿರುವ ಬಾಕ್ಸ್ ಆಮೆಯನ್ನು ಎತ್ತಿಕೊಂಡು ಬರುತ್ತಾರೆ, ರಟ್ಟಿನ ಡಬ್ಬದಲ್ಲಿಟ್ಟು ಲೆಟಿಸ್ ಹಾಕುತ್ತಾರೆ. ಅದು ಕಣ್ಣು ಊದಿಸಿಕೊಂಡು, ಚಿಪ್ಪಿನ ಬಾಗಿಲು ಹಾಕಿಕೊಂಡು ಕುಳಿತ ಮೇಲೆ ಅವರ ತಾಯಂದಿರು ನನ್ನ ಬಾಗಿಲು ಬಡಿಯುತ್ತಾರೆ. "ಲೊರೀನ್, ಇದಕ್ಕೇನೋ ಕಾಯಿಲೆ ನೋಡು." ಕಾಯಿಲೆಯೂ ಇಲ್ಲ ಮಣ್ಣೂ ಇಲ್ಲ, ಹೊಟ್ಟೆಗಿಲ್ಲ ಅಷ್ಟೆ. ಆಮೆಗೂ ವಯಸ್ಸು ಅಂತ ಒಂದಿದೆ, ವಯಸ್ಸಿಗೆ ತಕ್ಕ ಹಸಿವಿದೆ ಎಂದು ಎಷ್ಟು ಜನಕ್ಕೆ ಬಾಯಿ ಬಡಿದುಕೊಂಡಿದ್ದೇನೋ.

ನಮ್ಮ ಮನೆಯಲ್ಲೇ ನೋಡಿ. ಡೀಕನ್ ಎಲ್ಲರಿಗಿಂತ ಹಿರಿಯ. ನನ್ನ ಮಾವ ಹುಡುಗನಾಗಿದ್ದಾಗ ಹೊಳೆದಂಡೆಯಿಂದ ತಂದದ್ದು. ಕತ್ತು ಮುಂದೆ ಚಾಚಿ, ಚರ್ಚಿನ ಹಿರಿಯರ ಹಾಗೆ ಬಂದವರನ್ನೆಲ್ಲ ಅಳೆಯುತ್ತಾನೆಂದು ಆ ಹೆಸರು. ಅವನಿಗೆ ದಿನ ಬಿಟ್ಟು ದಿನ ಊಟ. ಡ್ಯಾಂಡೆಲಿಯನ್ ಸೊಪ್ಪು, ತುರಿದ ಕುಂಬಳ, ಉದುರಿದ ಹಿಪ್ಪುನೇರಳೆ, ಬಾಯಿರುಚಿಗೆ ಒಂದೆರಡು ಬಸವನಹುಳು. ಅಣಬೆ ಕಂಡರಂತೂ ಪ್ರಾಣ ಬಿಡುತ್ತಾನೆ. ಪ್ಯಾನ್ಸಿ ಮೊಟ್ಟೆಯಿಡುವ ಪ್ರಾಯದವಳು. ಅವಳಿಗೆ ಅರ್ಧ ಹುಳ, ಅರ್ಧ ಸೊಪ್ಪು, ಮೇಲೊಂದು ಚಿಟಿಕೆ ಕ್ಯಾಲ್ಸಿಯಂ ಪುಡಿ. ಹಿಂದಿನ ಜಗಲಿಯ ಟಬ್ಬಿನಲ್ಲಿ ಅವಳ ಮರಿಗಳು, ಹೋದ ವರ್ಷ ಎಲೆ ಉದುರುವ ಕಾಲಕ್ಕೆ ಮೊಟ್ಟೆಯೊಡೆದವು, ಇನ್ನೂ ಅಕ್ರೋಟಿನಷ್ಟೇ ಇವೆ. ಅವಕ್ಕೆ ದಿನ ಬೆಳಗಾದರೆ ಜೀವಂತ ಎರೆಹುಳು ಬೇಕು. ಅಲುಗಾಡದ್ದನ್ನು ಅವು ಆಹಾರವೆಂದೇ ಒಪ್ಪುವುದಿಲ್ಲ. ಸೊಪ್ಪನ್ನು ನುಣ್ಣಗೆ ಕೊಚ್ಚಿ, ಹುಳಕ್ಕೆ ಮೆತ್ತಿ, ಮೋಸ ಮಾಡಿ ತಿನ್ನಿಸಬೇಕು.

"ನನಗೆ ನಿನ್ನೆಯ ಬೀನ್ಸು, ಅವಕ್ಕೆ ಇವತ್ತಿನ ಹುಳ. ಮುಂದಿನ ಜನ್ಮಕ್ಕೆ ಆಮೆಯಾಗಿ ಹುಟ್ಟಿ ಇದೇ ಮನೆಗೆ ಬರ್ತೀನಿ ಕಣೇ" ಎಂದು ಡಾಯ್ಲ್ ಗೊಣಗುತ್ತಾನೆ. ಡಾಯ್ಲ್ ನನ್ನ ಗಂಡ. ಬಾಯಿ ಜೋರು, ಮನಸ್ಸು ಬೆಣ್ಣೆ.

ನಮ್ಮ ಮಗಳು ದೊಡ್ಡ ಲಾರಿ ಓಡಿಸುತ್ತಾಳೆ. ಬೇಸಿಗೆ ರಜೆಯಲ್ಲಿ ಅವಳ ಮಗಳು ಟಿಲ್ಲಿ ನಮ್ಮಲ್ಲಿರುತ್ತಾಳೆ. ಏಳು ವರ್ಷದ ಕಡ್ಡಿ. ತಿನ್ನುವುದೆಂದರೆ ಸಂಕಟ. ಅದಕ್ಕೆ ಡಾಯ್ಲ್ ಒಂದು ಕಾನೂನು ಮಾಡಿದ್ದ. ರಾತ್ರಿ ತಟ್ಟೆ ಖಾಲಿ ಮಾಡಿದರೆ ಮಾತ್ರ ಬೆಳಿಗ್ಗೆ ಮರಿಗಳಿಗೆ ಹುಳ ಹಾಕುವ ಅವಕಾಶ. ಆ ಮರಿಗಳಿಗಾಗಿ ಹುಡುಗಿ ಬೂದಿಯನ್ನಾದರೂ ತಿಂದಾಳು.

ಜುಲೈನಲ್ಲಿ ಒಂದು ವಾರ ಬಿಡದೆ ಮಳೆ ಸುರಿಯಿತು. ಡೀಕನ್‌ನ ಬೇಲಿಯೊಳಗೆ, ಓಕ್ ಮರದ ಬುಡದಲ್ಲಿ ಬಿಳಿ ಅಣಬೆಗಳು ಎದ್ದವು. ಅವನು ಒಂದೊಂದಾಗಿ ಮುಗಿಸಲಿ ಎಂದು ನಾನು ಸುಮ್ಮನಿದ್ದೆ. ಮಳೆ ಬಿಟ್ಟ ದಿನ ಪೀಚ್ ಹಣ್ಣು ಬಾಟಲಿಗೆ ತುಂಬಲು ತಂಗಿಯ ಮನೆಗೆ ಹೋದವಳು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಗಾಡಿ ಅಂಗಳಕ್ಕೆ ತಿರುಗಿಸುವಾಗ ಡಾಯ್ಲ್ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದ.

"ನೀನಿಲ್ದಿದ್ರೆ ನಾವು ಉಪವಾಸ ಬೀಳ್ತೀವಿ ಅಂದ್ಕೊಂಡಿದ್ಯಲ್ಲ? ರಾತ್ರಿ ರಾಜಭೋಜನ!"

"ಮೊಟ್ಟೆ ಸೀಯಿಸಿರ್ತೀಯ. ಬಾಣಲೆ ಉಳಿದಿದ್ರೆ ಸಾಕು."

"ಅಣಬೆ ಕಣೇ! ಬೆಣ್ಣೆ ಹಾಕಿ, ಉಪ್ಪು ಉದುರಿಸಿ, ಗರಿಗರಿ. ನೀನು ಇಷ್ಟು ವರ್ಷದಲ್ಲಿ ಒಂದಿನಾನೂ ಅಂಥದ್ದು ಮಾಡಿಲ್ಲ ಬಿಡು."

"ಅಂಗಡಿಗೆ ಹೋಗಿದ್ಯಾ?"

"ಅಂಗಡಿ ಯಾಕೆ? ಡೀಕನ್ ಹತ್ರ ಬೆಳ್ಳಗೆ ಎದ್ದಿದ್ವಲ್ಲ, ಅವೇ."

ಕೈಯಲ್ಲಿದ್ದ ಪೀಚ್ ಬಾಟಲಿಯ ಪೆಟ್ಟಿಗೆಯನ್ನು ಎಲ್ಲಿ ಇಟ್ಟೆನೋ ಈಗಲೂ ನೆನಪಿಲ್ಲ.

"ಯಾಕೆ ಹಂಗ್ ನೋಡ್ತೀಯ? ನಾನೇನು ದಡ್ಡನಾ? ಮೊದ್ಲು ಡೀಕನ್ ತಿಂದ. ಮೊನ್ನೆ ಒಂದು, ನಿನ್ನೆ ಬೆಳಿಗ್ಗೆ ಒಂದು. ಸಂಜೆ ತನಕ ಅವನ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತು ನೋಡಿದೆ. ಗುಂಡುಕಲ್ಲಿನ ಹಾಗಿದ್ದ. ಆಮೇಲೇ ಕಿತ್ತಿದ್ದು. ನಮ್ಮಪ್ಪನೂ ಹಿಂಗೇ ಮಾಡ್ತಿದ್ದ, ಆಮೆಗೆ ತೋರಿಸ್ದೆ ಒಂದು ಅಣಬೆನೂ ಅಡುಗೆಮನೆಗೆ ತರ್ತಿರ್ಲಿಲ್ಲ."

ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಾಕ್ಸ್ ಆಮೆ ತಿಂದು ಅರಗಿಸಿಕೊಳ್ಳಬಲ್ಲದು. ಅವನ ಅಪ್ಪ ಬದುಕಿ ಬಾಳಿದ್ದು ಅದೃಷ್ಟದಿಂದ, ಆಮೆಯಿಂದಲ್ಲ. ಇದನ್ನು ಅವನಿಗೆ ಹೇಳುತ್ತ ನಿಲ್ಲಲಿಲ್ಲ. ನೇರ ಬೇಲಿಯೊಳಕ್ಕೆ ಓಡಿದೆ. ಒಂದು ಚಿಕ್ಕ ಅಣಬೆ ಉಳಿದಿತ್ತು. ಮೇಲಿಂದ ಕೀಳದೆ, ಸುತ್ತಲಿನ ಮಣ್ಣನ್ನು ಬೆರಳಿನಿಂದ ಕೆದಕಿ ಬುಡ ಸಮೇತ ಎತ್ತಿದೆ. ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೀಲವಿತ್ತು. ಕೊಲ್ಲುವ ಅಣಬೆಯ ಗುರುತೇ ಅದು. ಪಕ್ಕದಲ್ಲೇ ಡೀಕನ್ ಕತ್ತು ಚಾಚಿ ನಿಂತು, ಅದನ್ನು ತನಗೆ ಕೊಡುತ್ತೇನೆಂದು ಕಾಯುತ್ತಿದ್ದ.

"ಡಾಯ್ಲ್! ಟಿಲ್ಲಿ ತಿಂದ್ಲಾ?"

"ತಿನ್ನದೆ? ಒಂದು ಇಡೀ ಅಣಬೆ ಅವಳ ಪಾಲಿಗೆ, ನಾಲ್ಕು ಹೋಳು ಮಾಡಿ ಕೊಟ್ಟೆ. ನಾನು ಕೆಚಪ್ ತರೋಷ್ಟರಲ್ಲಿ ತಟ್ಟೆ ಖಾಲಿ! ಚೆನ್ನಾಗಿತ್ತು ತಾತ ಅಂದ್ಲು." ಹೆಮ್ಮೆಯಿಂದ ಹೇಳಿದವನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. "ಬೆಳಿಗ್ಗೆಯಿಂದ ಸ್ವಲ್ಪ ತೊಳೆಸ್ತಿದೆ ಅಷ್ಟೆ. ಬೆಣ್ಣೆ ಜಾಸ್ತಿ ಆಯ್ತೇನೋ."

ಟಿಲ್ಲಿ ಜಗಲಿಯಲ್ಲಿ ಹುಳದ ಡಬ್ಬ ಹಿಡಿದು ಕುಳಿತಿದ್ದಳು. ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. "ಪುಟ್ಟಿ, ರಾತ್ರಿ ತಾತ ಕೊಟ್ಟ ಅಣಬೆ ತಿಂದ್ಯಾ? ನಿಜ ಹೇಳು."

ಅವಳು ನನ್ನ ಬೆನ್ನ ಹಿಂದೆ ನಿಂತಿದ್ದ ತಾತನ ಮುಖ ನೋಡಿದಳು. ಡಬ್ಬವನ್ನು ಎದೆಗವಚಿಕೊಂಡಳು.

"ತಿಂದೆ. ಎಲ್ಲಾ ತಿಂದೆ."

ವಿಷದ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಬುಡದ ಚೀಲದ ಮಾತು ಕೇಳಿದ ಕೂಡಲೇ ದನಿ ಬದಲಿಸಿದಳು. "ಮೇಡಂ, ಅವರು ಈಗ ಚೆನ್ನಾಗಿ ಕಾಣ್ತಿದ್ರೂ ನಂಬಬೇಡಿ. ಇದು ತಡವಾಗಿ ತೋರಿಸ್ಕೊಳ್ಳುತ್ತೆ. ಇಬ್ಬರನ್ನೂ ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಈಗಲೇ. ಅಣಬೆಯನ್ನೂ ತಗೊಂಡ್ಹೋಗಿ."

ನಮ್ಮ ಗುಡ್ಡದ ದಾರಿ ಗೊತ್ತಿದ್ದವರಿಗೆ ಗೊತ್ತು, ತಿರುವು ಬಿಟ್ಟರೆ ಬೇರೇನಿಲ್ಲ. ಅರ್ಧ ದಾರಿಗೆ ಡಾಯ್ಲ್ ಗಾಡಿ ನಿಲ್ಲಿಸು ಎಂದ. ರಸ್ತೆಬದಿಯಲ್ಲಿ ಮೊಣಕಾಲೂರಿ, ಕರುಳೇ ಬಾಯಿಗೆ ಬರುವ ಹಾಗೆ ವಾಂತಿ ಮಾಡಿದ. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮತ್ತೆ ಹತ್ತಿ ಕುಳಿತವನು ತಮಾಷೆ ಮಾಡಲಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟಿನ ಟಿಲ್ಲಿಯನ್ನು ನೋಡುತ್ತಾ ಓಡಿಸಿದೆ. ತುಟಿ ಕೆಂಪಗಿದೆಯೇ, ಹೊಟ್ಟೆ ಹಿಡಿದುಕೊಂಡಳೇ, ಕಣ್ಣು ಮುಚ್ಚಿದಳೇ? ಅವಳು ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದಳು.

ನಮ್ಮ ಊರಿನ ಆಸ್ಪತ್ರೆ ಚಿಕ್ಕದು. ಡಾಕ್ಟರು ಮಗಳ ವಯಸ್ಸಿನವಳು. ಅಣಬೆಯ ಬುಡ ನೋಡಿದ್ದೇ ದಾದಿಯರನ್ನು ಕೂಗಿದಳು. ಆಮೇಲೆ ಎಲ್ಲ ಒಟ್ಟಿಗೇ ನಡೆಯಿತು. ಇಬ್ಬರ ಬಟ್ಟೆ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು, ಗೌನು ತೊಡಿಸಿದರು, ರಕ್ತ ತೆಗೆದರು, ನಳಿಕೆ ಚುಚ್ಚಿದರು. ಸೂಜಿ ಕಂಡು ಟಿಲ್ಲಿ ಕಿರುಚಿದಳು. ಅಷ್ಟಾದರೂ ಡಾಕ್ಟರು ಕೇಳಿದಾಗಲೆಲ್ಲ ಅದೇ ಉತ್ತರ. ತಿಂದೆ. ಎಲ್ಲಾ ತಿಂದೆ.

ಡಾಕ್ಟರು ನನ್ನನ್ನು ಹೊರಗೆ ಕರೆದಳು. "ಇದು ಪಿತ್ತಜನಕಾಂಗವನ್ನ ಹಾಳು ಮಾಡುತ್ತೆ. ಇಲ್ಲಿ ನಮ್ಮತ್ರ ಬೇಕಾದ ವ್ಯವಸ್ಥೆ ಇಲ್ಲ. ಸಿಟಿಯಿಂದ ಹೆಲಿಕಾಪ್ಟರ್ ಬರ್ತಿದೆ, ಆದ್ರೆ ಒಬ್ಬರಿಗೇ ಜಾಗ. ಎರಡನೇದು ಮೋಡ ಸರಿದ ಮೇಲೆ, ಯಾವಾಗ ಅಂತ ಹೇಳಕ್ಕಾಗಲ್ಲ."

"ಯಾರನ್ನ ಕಳಿಸ್ತೀರಿ?"

"ಮಗುವನ್ನ. ಅಷ್ಟು ಚಿಕ್ಕ ಮೈಗೆ ಒಂದು ಅಣಬೆ..."

"ರಕ್ತದಲ್ಲಿ ಏನು ಬಂತು?"

"ಏನೂ ಇಲ್ಲ. ಆದ್ರೆ ಈಗಲೇ ಬರಬೇಕು ಅಂತಿಲ್ಲ. ನಾಳೆ ಬರಬಹುದು. ಅದಕ್ಕೇ ಕಾಯಕ್ಕಾಗಲ್ಲ."

ಡಾಯ್ಲ್‌ನ ಕೋಣೆಗೆ ಹೋಗಿ ಹೇಳಿದೆ. ಹೊಟ್ಟೆ ಹಿಡಿದು ಮುದುಡಿ ಮಲಗಿದ್ದವನು ತಲೆಯಾಡಿಸಿದ. "ಅವಳೇ ಹೋಗ್ಲಿ. ನಾನು ಬೇಡ. ನಾನು ಹಾಳಾಗ್ ಹೋಗ್ಲಿ ಲೊರೀನ್. ನಾನೇ ಕೈಯಾರೆ ಕೊಟ್ಟೆ. ನಾನೇ ಕತ್ತರಿಸಿ ಕೊಟ್ಟೆ." ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ನನಗೂ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ.

ಟಿಲ್ಲಿಯ ಪಕ್ಕ ಕುಳಿತು ಅವಳ ಪಾದ ಉಜ್ಜತೊಡಗಿದೆ. ಅವಳ ಅಮ್ಮನಿಗೆ ಫೋನ್ ಮಾಡಬೇಕಿತ್ತು. ಎರಡು ರಾಜ್ಯಗಳಾಚೆ ಲಾರಿ ಓಡಿಸುತ್ತಿರುವವಳಿಗೆ ಏನೆಂದು ಹೇಳಲಿ?

"ಅಜ್ಜಿ, ಮರಿಗಳಿಗೆ ಇವತ್ತು ಯಾರೂ ಹುಳ ಹಾಕ್ಲಿಲ್ಲ" ಎಂದಳು ಟಿಲ್ಲಿ ಇದ್ದಕ್ಕಿದ್ದಂತೆ.

"ಇರ್ಲಿ ಬಿಡು ಪುಟ್ಟಿ. ಒಂದಿನಕ್ಕೆ ಏನೂ ಆಗಲ್ಲ."

"ಅವಕ್ಕೆ ಹಸಿವಾಗಲ್ಲ ಅಲ್ವಾ? ಟಬ್ಬಲ್ಲಿ ಇದೆ ಅಲ್ವಾ?"

"ಏನಿದೆ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಂದು. ಅಣಬೆ ಲೋಳೆ ಲೋಳೆ ಇತ್ತು. ತಾತ ಕೆಚಪ್ ತರಕ್ಕೆ ಹೋದಾಗ ಜೇಬಲ್ಲಿ ಹಾಕ್ಕೊಂಡೆ. ಆಮೇಲೆ ಟಬ್ಬಿಗೆ ಹಾಕ್ದೆ. ತಾತಂಗೆ ಹೇಳ್ಬೇಡ ಅಜ್ಜಿ. ಮರಿಗಳ ಹತ್ರ ಬಿಡಲ್ಲ ನನ್ನ."

ನಾನು ಎದ್ದು ಓಡಿದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಡಾಕ್ಟರು ಕೇಳಿಸಿಕೊಂಡಳು, ಆದರೆ ತಲೆಯಾಡಿಸಿದಳು. "ಸೂಜಿಗೆ ಹೆದರಿದ ಮಗು ಏನ್ ಬೇಕಾದ್ರೂ ಹೇಳುತ್ತೆ. ಬೆಳಿಗ್ಗೆಯಿಂದ ತಿಂದೆ ಅಂದ್ಲು, ಈಗ ಇಲ್ಲ ಅಂತಾಳೆ. ನಾನು ಯಾವುದನ್ನ ನಂಬ್ಲಿ? ತಪ್ಪಾದ್ರೆ ಅವಳು ಉಳಿಯಲ್ಲ."

"ಟಬ್ಬಲ್ಲಿ ಇದ್ರೆ ನಂಬ್ತೀರಾ?"

"ಹೆಲಿಕಾಪ್ಟರ್ ಇಳಿಯೋದ್ರೊಳಗೆ ಹೇಳಿ."

ಪಕ್ಕದ ಮನೆಯ ವರ್ಜಿಲ್‌ಗೆ ಫೋನ್ ಮಾಡಿದೆ. ವರ್ಜಿಲ್ ಒಳ್ಳೆಯವನು, ಆದರೆ ಅವನ ಮನೆಗೆ ಬೆಂಕಿ ಬಿದ್ದರೂ ಮೊದಲು ಟೋಪಿ ಹುಡುಕುವ ಗಿರಾಕಿ. ಫೋನ್ ಕಿವಿಗಿಟ್ಟುಕೊಂಡೇ ನಮ್ಮ ಅಂಗಳ ದಾಟಿದ. ಅವನ ಬೂಟಿನ ಸದ್ದು ಕೇಳುತ್ತಿತ್ತು.

"ನಿನ್ನ ಜಗಲಿ ಬಾಗ್ಲು ಎಣ್ಣೆ ಕೇಳ್ತಿದೆ ಲೊರೀನ್."

"ವರ್ಜಿಲ್, ನಿನ್ ಕಾಲಿಗೆ ಬೀಳ್ತೀನಿ, ಟಬ್ ನೋಡು!"

"ತಾಳು, ಕನ್ನಡಕ... ಹೂಂ. ಮರಿಗಳು ಇವೆ. ಪಾಚಿ, ಮರದ ತೊಗಟೆ. ಅಯ್ಯೋ ಇದೇನು, ಹುರಿದ ಅಣಬೆ! ಯಾರ್ ಹಾಕಿದ್ದು?"

"ಎಷ್ಟು ಹೋಳು?"

"ಒಂದು. ನೀರಿನ ತಟ್ಟೆ ಪಕ್ಕ ಒಂದು. ಒಂದರ ಮೇಲೆ ಮರಿ ಹತ್ತಿ ಕೂತಿದೆ. ಮೂರು."

"ಇನ್ನೊಂದು ನೋಡು. ತೊಗಟೆ ಎತ್ತಿ ನೋಡು. ಪಾಚಿ ಕೆಳಗೆ ನೋಡು."

ಅವನು ಉಸಿರು ಬಿಡುತ್ತಾ ಕೆದಕಿದ. ನಾನು ಗೋಡೆಗೆ ಹಣೆ ಒತ್ತಿ ನಿಂತಿದ್ದೆ.

"ಮೂರೇ ಕಣಮ್ಮ. ಎಲ್ಲಾ ತಿರುವಿ ಹಾಕ್ದೆ. ಒಂದನ್ನ ಮರಿ ತಿಂದಿರುತ್ತೆ ಬಿಡು."

ಬೇರೆ ಯಾರಾದರೂ ಆ ಮಾತು ನಂಬುತ್ತಿದ್ದರು. ನಾನು ನಂಬುವುದು ಹೇಗೆ? ಡೀಕನ್‌ನ ಮುಂದೆ ಹಾಕಿದ್ದರೆ ನಾಲ್ಕಕ್ಕೆ ನಾಲ್ಕೂ ಮಾಯವಾಗುತ್ತಿದ್ದವು. ಈ ಮರಿಗಳು ಅಲುಗಾಡದ, ಬೆಣ್ಣೆಯಲ್ಲಿ ಹುರಿದ ಹೋಳನ್ನು ಮೂಸಿಯೂ ನೋಡುವುದಿಲ್ಲ. ಮೂರನ್ನು ಮುಟ್ಟದವು ನಾಲ್ಕನೆಯದನ್ನು ತಿನ್ನುತ್ತವೆಯೇ? ಹಾಗಾದರೆ ಅದು ಎಲ್ಲಿ ಹೋಯಿತು? ಟಿಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು, ಲೋಳೆಯೆನ್ನಿಸಿ ಉಳಿದದ್ದನ್ನು ಬಚ್ಚಿಟ್ಟಿರಬೇಕು. ಆ ಕಡ್ಡಿಯಂಥ ಮೈಗೆ ಒಂದು ಹೋಳು ಸಾಕು. ಅವಳ ಮಂಚದ ಬಳಿಗೆ ಓಡಿದೆ.

"ಟಿಲ್ಲಿ, ನಾಲ್ಕನೇದು ಎಲ್ಲಿ? ಬಾಯಿಗೆ ಹಾಕ್ಕೊಂಡ್ಯಾ? ಅಜ್ಜಿ ಬಯ್ಯಲ್ಲ."

"ಇಲ್ಲ!"

"ನಾಲಿಗೆಗೆ ತಾಗಿಸ್ದ್ಯಾ?"

"ಗೊತ್ತಿಲ್ಲ. ಎಲ್ಲಾ ಟಬ್ಬಿಗೆ ಹಾಕ್ದೆ." ಅವಳು ಬಿಕ್ಕತೊಡಗಿದಳು. ಕಿಟಕಿಯ ಗಾಜು ಅದುರಿತು. ಹೊರಗೆ ಹೆಲಿಕಾಪ್ಟರ್ ಇಳಿಯುತ್ತಿತ್ತು. ದಾದಿಯರಿಬ್ಬರು ಬಂದು ಟಿಲ್ಲಿಯ ಮಂಚದ ಚಕ್ರದ ಬ್ರೇಕು ತೆಗೆದರು.

ಮಂಚ ಉರುಳಿದಾಗ ಅದರಡಿಯ ಹಲಗೆಯ ಮೇಲಿದ್ದ ಪ್ಲಾಸ್ಟಿಕ್ ಚೀಲ ಕಂಡಿತು. ಅವಳ ಬಟ್ಟೆ. ನಾನಿಲ್ಲದ ರಾತ್ರಿ ತಾತ ಅವಳಿಗೆ ಮಲಗುವ ಬಟ್ಟೆ ಹಾಕಲು ಮರೆತಿರುತ್ತಾನೆ, ಹುಡುಗಿ ಅದೇ ಚಡ್ಡಿಯಲ್ಲಿ ಮಲಗಿ ಎದ್ದಿರುತ್ತಾಳೆ ಎಂದು ಹೊಳೆಯಿತು. ಚೀಲ ಹರಿದೆ. ಬಲಜೇಬಿನಲ್ಲಿ ಮಣ್ಣು, ಒಂದು ಗುಂಡಿ, ಸತ್ತ ಜೀರುಂಡೆ. ಎಡಜೇಬು ಜಿಡ್ಡಾಗಿತ್ತು. ಖಾಲಿ. ದಾದಿ "ಮೇಡಂ, ದಾರಿ ಬಿಡಿ" ಎಂದಳು. ಜೇಬನ್ನು ಒಳಗು ಹೊರಗು ಮಾಡಿ ಎಳೆದೆ. ಹೊಲಿಗೆ ಬಿಟ್ಟ ಮೂಲೆಯಲ್ಲಿ, ಬಟ್ಟೆಯ ನಡುವೆ ಏನೋ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಹಲ್ಲಿನಿಂದ ಹೊಲಿಗೆ ಕಚ್ಚಬೇಕೆಂದವಳು ವಿಷ ನೆನಪಾಗಿ ಬೆಚ್ಚಿ ಉಗುರಿನಲ್ಲೇ ಕಿತ್ತೆ. ಕಂದುಬಣ್ಣಕ್ಕೆ ತಿರುಗಿದ, ನೂಲು ಅಂಟಿದ ಒಂದು ಹೋಳು. ಅಂಚು ಡಾಯ್ಲ್‌ನ ಚಾಕು ಕತ್ತರಿಸಿದ ಹಾಗೇ ಇತ್ತು. ಎಲ್ಲೂ ಹಲ್ಲಿನ ಗುರುತಿರಲಿಲ್ಲ.

"ಡಾಕ್ಟ್ರೇ! ಡಾಕ್ಟ್ರೇ!" ನನ್ನ ಕೂಗು ಇಡೀ ಆಸ್ಪತ್ರೆಗೆ ಕೇಳಿಸಿರಬೇಕು.

ಡಾಕ್ಟರು ಅದನ್ನು ಕೈಗವಸಿನಲ್ಲಿ ಹಿಡಿದು, ದೀಪದ ಕೆಳಗೆ ತಿರುಗಿಸಿ ನೋಡಿದಳು. ವರ್ಜಿಲ್‌ನೊಡನೆ ತಾನೇ ಫೋನಿನಲ್ಲಿ ಮಾತಾಡಿ ಆ ಮೂರರ ಫೋಟೋ ಕಳಿಸಲು ಹೇಳಿದಳು. ಅದನ್ನೂ ನೋಡಿ, ಉಸಿರು ಬಿಟ್ಟು, ದಾದಿಯರ ಕಡೆ ತಿರುಗಿದಳು. "ಮಗು ಇಲ್ಲೇ ಇರ್ಲಿ, ರಕ್ತ ನೋಡ್ತಾ ಇರೋಣ. ತಾತನ್ನ ಕರ್ಕೊಂಡ್ಹೋಗಿ. ಬೇಗ."

ಡಾಯ್ಲ್ ಸ್ಟ್ರೆಚರ್ ಮೇಲಿಂದ ಜಗಳಕ್ಕೇ ನಿಂತ. "ಮಗು ಮೊದಲು ಅಂದ್ನಲ್ಲ! ನನ್ನ ಮುಟ್ಟಬೇಡಿ!"

"ಅವಳು ತಿಂದಿಲ್ಲ ಮುದುಕಾ! ಜೇಬಲ್ಲಿ ತುಂಬ್ಕೊಂಡಿದ್ಲು! ಬಾಯ್ಮುಚ್ಕೊಂಡು ಹೋಗು!"

ಅವನು ಟಿಲ್ಲಿಯನ್ನು ನೋಡಿದ. "ಚೆನ್ನಾಗಿತ್ತು ಅಂದ್ಯಲ್ಲೇ."

"ಸುಳ್ಳು ಹೇಳ್ದೆ ತಾತ" ಎಂದಳು ಅವಳು, ಏಟು ಬೀಳುತ್ತದೆಂದು ಕಾಯುವವಳ ಹಾಗೆ ಭುಜ ಕುಗ್ಗಿಸಿ.

ಡಾಯ್ಲ್ ಅವಳ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡ. ಅವರು ಅವನನ್ನು ತಳ್ಳಿಕೊಂಡು ಹೋದರು.

ಅವನು ಈಗಲೂ ಸಿಟಿಯಲ್ಲಿದ್ದಾನೆ. ಮಗಳು ಅವನ ಬಳಿ ಇದ್ದಾಳೆ. ನಡುವೆ ಒಂದು ದಿನ ಹುಷಾರಾದವನಂತೆ ಎದ್ದು ಕುಳಿತು, ಮನೆಗೆ ಹೋಗುತ್ತೇನೆಂದು ಹಟ ಮಾಡಿದನಂತೆ. ಆಗಲೇ ಡಾಕ್ಟರುಗಳ ಮುಖ ಹೆಚ್ಚು ಬಿಗಿದಿತ್ತು ಎಂದು ಮಗಳು ಹೇಳಿದಳು. ಈ ವಿಷ ಬಿಟ್ಟುಹೋದಂತೆ ತೋರಿಸಿ ಒಳಗೊಳಗೇ ಕೆಲಸ ಮಾಡುತ್ತದಂತೆ. ಆ ಘಟ್ಟ ದಾಟಿದ. ನಿನ್ನೆ ಫೋನಿನಲ್ಲಿ ಆಸ್ಪತ್ರೆಯ ಸೂಪನ್ನು ಬಯ್ದ. ಬಯ್ಯಲಿ, ಜೀವ ತುಂಬಿ ಬಯ್ಯಲಿ.

ಟಿಲ್ಲಿಯ ರಕ್ತದಲ್ಲಿ ಏನೂ ಬರಲಿಲ್ಲ. ಮನೆಗೆ ಕರೆತಂದ ದಿನ ಅವಳಿಗೆಂದೇ ಕೋಳಿ ಸೂಪು ಮಾಡಿದೆ, ಅವಳಿಗಿಷ್ಟದ ಮೆಕ್ಕೆಜೋಳದ ಬ್ರೆಡ್ ಮಾಡಿದೆ. ಬಟ್ಟಲು ಮುಂದಿಟ್ಟರೆ ಕೈ ತೊಡೆಯಡಿ ಸೇರಿಸಿ ಕುಳಿತಳು.

"ಅಜ್ಜಿ, ನೀನು ಮೊದ್ಲು ತಿನ್ನು."

ಅವಳ ಬಟ್ಟಲಿನಿಂದಲೇ ಒಂದು ಚಮಚ ತೆಗೆದು ಕುಡಿದೆ. ಬ್ರೆಡ್ ಮುರಿದು ತಿಂದೆ. ಟಿಲ್ಲಿ ಮೇಜಿನ ಮೇಲೆ ಗದ್ದ ಊರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸಲಿಲ್ಲ.

"ನೋಡಿದ್ಯಾ? ನನಗೇನೂ ಆಗ್ಲಿಲ್ಲ. ಈಗ ತಿನ್ನು ಬಂಗಾರಿ, ಆರಿ ಹೋಗುತ್ತೆ."

ಅವಳು ಬಟ್ಟಲನ್ನು ನನ್ನ ಕಡೆಗೇ ಮೆಲ್ಲಗೆ ತಳ್ಳಿದಳು.

"ಈಗಲ್ಲ ಅಜ್ಜಿ. ತಾತಂಗೂ ಬೆಳಿಗ್ಗೆವರೆಗೆ ಏನೂ ಆಗಿರ್ಲಿಲ್ಲ."